ಕೋಡ್ ರೆಡಿ, ಪರ್ಮಿಷನ್ ಇಲ್ಲ: ಓಪನ್ ಸೋರ್ಸ್‌ಗೆ ಬಾಗಿಲು ಹಾಕುವ ‘ಎಲ್ಲರಿಗೂ ಒಂದೇ’ ಲೈಸೆನ್ಸ್

ಒಂದು ಸಾಫ್ಟ್‌ವೇರ್ ಇನ್ನೊಂದರ ಜೊತೆ ಮಾತಾಡಬೇಕು ಅಂದ್ರೆ ಇಬ್ಬರಿಗೂ ಗೊತ್ತಿರುವ ನಿಯಮಗಳು ಬೇಕು. ಆ ನಿಯಮಗಳ ಮಾಲೀಕರು ಯಾರು? ಅವರು ಹಾಕುವ ಷರತ್ತು ಯಾರನ್ನು ಒಳಗೆ ಬಿಡುತ್ತೆ, ಯಾರನ್ನು ಹೊರಗೆ ನಿಲ್ಲಿಸುತ್ತೆ? ಇದು ಟೆಕ್ಕಿಗಳಿಗಷ್ಟೇ ಬಿಟ್ಟ ಪ್ರಶ್ನೆ ಅಲ್ಲ.

2024ರ ಫೆಬ್ರುವರಿಯಲ್ಲಿ ಲಿನಕ್ಸ್ ಬಳಸುವವರಿಗೆ ಒಂದು ಕೆಟ್ಟ ಸುದ್ದಿ ಬಂತು. ಕಂಪ್ಯೂಟರ್‌ನಿಂದ ಟಿವಿಗೆ ಚಿತ್ರ ಕಳಿಸುವ ಎಚ್‌ಡಿಎಂಐ ಕೇಬಲ್ ಎಲ್ಲರಿಗೂ ಗೊತ್ತು. ಅದರ 2.1 ಆವೃತ್ತಿಯಲ್ಲಿ 4ಕೆ ಚಿತ್ರವನ್ನು ಸೆಕೆಂಡಿಗೆ 120 ಫ್ರೇಮ್‌ಗಳ ವೇಗದಲ್ಲಿ ತೋರಿಸಬಹುದು. ಎಎಂಡಿ ಕಂಪನಿಯ ಹೊಸ ಗ್ರಾಫಿಕ್ಸ್ ಕಾರ್ಡ್‌ಗಳಿಗೆ ಆ ತಾಕತ್ತಿದೆ. ವಿಂಡೋಸ್‌ನಲ್ಲಿ ಅದು ಸಲೀಸಾಗಿ ಕೆಲಸ ಮಾಡುತ್ತೆ. ಅದೇ ಕಾರ್ಡ್, ಅದೇ ಕೇಬಲ್, ಅದೇ ಟಿವಿ. ಆದರೆ ಎಎಂಡಿಯ ಓಪನ್ ಸೋರ್ಸ್ ಡ್ರೈವರ್ ಇರುವ ಲಿನಕ್ಸ್ ಹಾಕಿದರೆ ಹಳೆಯ 2.0 ಆವೃತ್ತಿಯ ಮಿತಿಗೆ ಇಳಿಯಬೇಕಿತ್ತು.

ಎಎಂಡಿಯ ಎಂಜಿನಿಯರ್‌ಗಳು ಇದನ್ನು ಸರಿಪಡಿಸಲು ಕೋಡ್ ಬರೆದರು. ಕಂಪನಿಯ ವಕೀಲರು ಕೂತು ಯಾವುದನ್ನು ಬಹಿರಂಗ ಮಾಡಬಹುದು ಅಂತ ತಿಂಗಳುಗಟ್ಟಲೆ ನೋಡಿದರು. ಆಮೇಲೆ ಆ ಪ್ರಸ್ತಾಪವನ್ನು ಈ ಮಾನದಂಡವನ್ನು ನಿಯಂತ್ರಿಸುವ ಎಚ್‌ಡಿಎಂಐ ಫೋರಂ ಮುಂದಿಟ್ಟರು. ಫೋರಂ ಒಪ್ಪಲಿಲ್ಲ. ಫೋರಂನ ನಿಯಮ ಮುರಿಯದೆ 2.1ಕ್ಕೆ ಓಪನ್ ಸೋರ್ಸ್ ಡ್ರೈವರ್ ಕೊಡುವುದು ಸಾಧ್ಯವಿಲ್ಲ ಎಂದು ಎಎಂಡಿ ಕಡೆಯಿಂದ ಬಹಿರಂಗವಾಗಿಯೇ ತಿಳಿಸಲಾಯಿತು.

ಇಲ್ಲಿ ತಾಂತ್ರಿಕ ಸಮಸ್ಯೆ ಒಂದೂ ಇರಲಿಲ್ಲ ಅನ್ನೋದನ್ನು ಗಮನಿಸಿ. ಯಂತ್ರ ಇತ್ತು, ಕೋಡ್ ಇತ್ತು, ಬರೆಯುವವರಿದ್ದರು, ಬೇಕು ಅನ್ನುವವರೂ ಇದ್ದರು. ಇಲ್ಲದೇ ಇದ್ದದ್ದು ಪರ್ಮಿಷನ್. ಎಚ್‌ಡಿಎಂಐ 2.1ರ ವಿವರಗಳಿರುವ ದಾಖಲೆಯನ್ನು ಓದಬೇಕಾದರೆ ಅದರ ಕರಾರಿಗೆ ಸಹಿ ಹಾಕಿರಬೇಕು. ಸಹಿ ಹಾಕಿದ ಮೇಲೆ ಅದರಲ್ಲಿರುವುದನ್ನು ಹೊರಗೆ ಹೇಳುವಂತಿಲ್ಲ. ಓಪನ್ ಸೋರ್ಸ್ ಡ್ರೈವರ್ ಅಂದರೆ ಎಲ್ಲರೂ ಓದಬಹುದಾದ ಕೋಡ್. ಆ ಕೋಡ್ ಓದಿದರೆ ದಾಖಲೆಯಲ್ಲಿ ಏನಿದೆ ಅಂತ ಗೊತ್ತಾಗಿಬಿಡುತ್ತೆ. ಹಾಗಾಗಿ ಬಾಗಿಲು ಬಂದ್.

ಇಂಟರ್‌ಆಪರೇಬಿಲಿಟಿ ಅಂದ್ರೆ ಏನು?

ಪದ ದೊಡ್ಡದು, ವಿಷಯ ಸರಳ. ಬೇರೆ ಬೇರೆಯವರು ಮಾಡಿದ ವ್ಯವಸ್ಥೆಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುವುದೇ ಇಂಟರ್‌ಆಪರೇಬಿಲಿಟಿ. ನಿಮ್ಮ ಫೋನ್‌ನಲ್ಲಿ ಒಂದು ಕಂಪನಿಯ ಯುಪಿಐ ಆಪ್ ಇರುತ್ತೆ, ತರಕಾರಿ ಅಂಗಡಿಯವರ ಬಳಿ ಇನ್ನೊಂದರ ಕ್ಯೂಆರ್ ಕೋಡ್ ಇರುತ್ತೆ. ಆದರೂ ದುಡ್ಡು ಹೋಗುತ್ತೆ. ಜಿಮೇಲ್‌ನಿಂದ ಬೇರೆ ಕಂಪನಿಯ ವಿಳಾಸಕ್ಕೆ ಮೇಲ್ ಹೋಗುತ್ತೆ. ಆದರೆ ವಾಟ್ಸ್ಆಪ್‌ನಲ್ಲಿರುವವರು ಸಿಗ್ನಲ್‌ನಲ್ಲಿರುವ ಗೆಳೆಯರಿಗೆ ಮೆಸೇಜ್ ಕಳಿಸಲು ಹೋದರೆ ಆಗಲ್ಲ.

ಈ ವ್ಯತ್ಯಾಸದ ರಾಜಕೀಯ ದೊಡ್ಡದು. ಹೊಂದಿಕೊಳ್ಳುವ ವ್ಯವಸ್ಥೆಯಲ್ಲಿ ಬಳಕೆದಾರರಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯ ಇರುತ್ತೆ. ಒಬ್ಬರ ಸೇವೆ ಹಿಡಿಸಲಿಲ್ಲ ಅಂದ್ರೆ ಇನ್ನೊಬ್ಬರ ಬಳಿ ಹೋಗಬಹುದು, ಹಳೆಯ ಫೈಲು, ಹಳೆಯ ಸಂಪರ್ಕ ಎಲ್ಲ ಜೊತೆಗೇ ಬರುತ್ತೆ. ಹೊಂದಿಕೊಳ್ಳದ ವ್ಯವಸ್ಥೆಯಲ್ಲಿ ಒಮ್ಮೆ ಒಳಗೆ ಹೋದರೆ ಮುಗಿಯಿತು. ಬೆಲೆ ಏರಿಸಿದರೂ ಕೊಡಬೇಕು, ಷರತ್ತು ಬದಲಿಸಿದರೂ ‘ಐ ಅಗ್ರೀ’ ಒತ್ತಬೇಕು. ಒಬ್ಬ ಬಳಕೆದಾರರ ಮಟ್ಟದಲ್ಲಿ ಇದು ಕಿರಿಕಿರಿ. ಇಡೀ ಸರ್ಕಾರ, ವಿಶ್ವವಿದ್ಯಾಲಯ, ಆಸ್ಪತ್ರೆ ಒಳಗೆ ಸಿಕ್ಕಿಹಾಕಿಕೊಂಡರೆ ಅದು ಸಾರ್ವಜನಿಕ ಹಣದ ಪ್ರಶ್ನೆ.

ಎರಡು ಬೀಗಗಳು

ಮಾನದಂಡ ಅಂದರೆ ಸ್ಟ್ಯಾಂಡರ್ಡ್. ಅದರ ಮಾಲೀಕರು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: “ನಾವು ಯಾರನ್ನೂ ತಡೆದಿಲ್ಲ. ನ್ಯಾಯಯುತ, ತಾರತಮ್ಯವಿಲ್ಲದ ಷರತ್ತುಗಳ ಮೇಲೆ ಎಲ್ಲರಿಗೂ ಲೈಸೆನ್ಸ್ ಕೊಡುತ್ತೇವೆ.” ಇದಕ್ಕೆ ಉದ್ಯಮದ ಭಾಷೆಯಲ್ಲಿ ‘ರ‍್ಯಾಂಡ್’ ಅಥವಾ ‘ಫ್ರ್ಯಾಂಡ್’ ಷರತ್ತು ಅಂತಾರೆ. ಕೇಳಲು ಚೆನ್ನಾಗಿದೆ. ಎಲ್ಲರಿಗೂ ಒಂದೇ ದರ, ಒಂದೇ ಕರಾರು.

ಶಾಲೆಯಲ್ಲಿ ಕೇಳಿದ ನರಿ ಮತ್ತು ಕೊಕ್ಕರೆಯ ಕಥೆ ನೆನಪಿಸಿಕೊಳ್ಳಿ. ನರಿ ಕೊಕ್ಕರೆಯನ್ನು ಊಟಕ್ಕೆ ಕರೆದು ಅಗಲ ತಟ್ಟೆಯಲ್ಲಿ ಬಡಿಸುತ್ತೆ. ತಾನೂ ತಟ್ಟೆಯಲ್ಲೇ ತಿನ್ನುತ್ತೆ. ಇಬ್ಬರಿಗೂ ಒಂದೇ ತಟ್ಟೆ, ತಾರತಮ್ಯ ಎಲ್ಲಿದೆ? ಉದ್ದ ಕೊಕ್ಕಿನ ಕೊಕ್ಕರೆ ಮಾತ್ರ ಹಸಿದುಕೊಂಡು ಹೋಗುತ್ತೆ.

ಓಪನ್ ಸೋರ್ಸ್ ಇಲ್ಲಿನ ಕೊಕ್ಕರೆ. ಅದರ ಮೂಲ ಸ್ವಭಾವವೇ ಅದಕ್ಕೆ ಎರಡು ಕೆಲಸಗಳನ್ನು ಅಸಾಧ್ಯ ಮಾಡುತ್ತೆ.

ಮೊದಲನೆಯದು, ಪ್ರತಿಗಳ ಲೆಕ್ಕ. ಮುಕ್ತ ತಂತ್ರಾಂಶವನ್ನು ಯಾರು ಬೇಕಾದರೂ ಬಳಸಬಹುದು, ಓದಬಹುದು, ತಿದ್ದಬಹುದು, ಹಂಚಬಹುದು. ಇದು ಅದರ ಲೈಸೆನ್ಸ್ ಕೊಡುವ ಹಕ್ಕು. ನಾನು ಕೊಟ್ಟ ಪ್ರತಿಯನ್ನು ನೀವು ಹತ್ತು ಜನಕ್ಕೆ ಕೊಡಬಹುದು, ಅವರು ನೂರು ಜನಕ್ಕೆ ಕೊಡಬಹುದು. ಬಿತ್ತನೆ ಬೀಜ ಹಂಚಿಕೊಂಡ ರೈತರು ಆ ಬೀಜ ಮುಂದೆ ಯಾವ ಊರಿನ ಯಾರ ಹೊಲಕ್ಕೆ ಹೋಯಿತು ಅಂತ ಖಾತೆ ಇಟ್ಟಿರುತ್ತಾರಾ? ಹಾಗಿರುವಾಗ ‘ಪ್ರತಿ ಕಾಪಿಗೆ ಇಷ್ಟು ಸೆಂಟ್ ರಾಯಲ್ಟಿ ಕೊಡಿ’ ಅಂದರೆ ಕೊಡುವವರು ಯಾರು, ಎಷ್ಟಕ್ಕೆ ಕೊಡುವುದು? ಮೊತ್ತ ಎಷ್ಟು ಚಿಕ್ಕದು ಅನ್ನೋದು ಇಲ್ಲಿ ಮುಖ್ಯ ಆಗೋದಿಲ್ಲ, ಎಣಿಸುವ ವ್ಯವಸ್ಥೆಯೇ ಇಲ್ಲ.

ಎರಡನೆಯದು, ಗುಟ್ಟು ಕಾಯುವುದು. ಕೋಡ್ ಬಹಿರಂಗವಾಗಿರುವುದೇ ಓಪನ್ ಸೋರ್ಸ್. ‘ಈ ದಾಖಲೆ ನೋಡಿ ಕೋಡ್ ಬರೆಯಿರಿ, ಆದರೆ ಅದರಲ್ಲಿರುವುದು ಹೊರಗೆ ಬರಬಾರದು’ ಅಂದರೆ ಅದು ಆಗದ ಮಾತು.

ಇದಲ್ಲದೆ ಲಿನಕ್ಸ್ ಕರ್ನಲ್, ಸಾಂಬಾ ತರಹದ ಎಷ್ಟೋ ಯೋಜನೆಗಳು ಬಳಸುವ ಜಿಪಿಎಲ್ ಎಂಬ ಲೈಸೆನ್ಸ್‌ನಲ್ಲಿ ಒಂದು ಖಡಕ್ ನಿಯಮ ಇದೆ: ನಿಮಗೆ ಸಿಕ್ಕ ಹಕ್ಕುಗಳನ್ನು ಕಡಿಮೆ ಮಾಡದೆ ಮುಂದಿನವರಿಗೂ ಕೊಡಬೇಕು. ‘ನನಗೆ ಮಾತ್ರ ಪೇಟೆಂಟ್ ಅನುಮತಿ ಸಿಕ್ಕಿದೆ, ನನ್ನಿಂದ ಪಡೆದವರಿಗೆ ಇಲ್ಲ’ ಅನ್ನುವ ಸ್ಥಿತಿ ಬಂದರೆ ಅದನ್ನು ಹಂಚುವಂತೆಯೇ ಇಲ್ಲ. ಹಾಗಾಗಿ ಪ್ರತಿ ಕಾಪಿಗೆ ರಾಯಲ್ಟಿ ಅಥವಾ ಗೌಪ್ಯತೆ, ಇವೆರಡರಲ್ಲಿ ಒಂದು ಷರತ್ತು ಇದ್ದರೂ ಸಾಕು. ಓಪನ್ ಸೋರ್ಸ್ ಬೇಡ ಅಂತ ಎಲ್ಲೂ ಬರೆಯದೆಯೇ ಅದನ್ನು ಪೂರ್ತಿ ಹೊರಗಿಡಬಹುದು.

ಸಾಂಬಾ: ಕದ್ದು ಕೇಳಿ ಕಲಿತ ಭಾಷೆ

ಈ ಎರಡೂ ಬೀಗಗಳನ್ನು ಒಟ್ಟಿಗೆ ಎದುರಿಸಿ ಕೊನೆಗೆ ಗೆದ್ದ ಒಂದು ಕಥೆ ಇದೆ. ಅದನ್ನು ಸ್ವಲ್ಪ ವಿವರವಾಗಿ ನೋಡೋಣ.

ಆಫೀಸುಗಳಲ್ಲಿ ವಿಂಡೋಸ್ ಕಂಪ್ಯೂಟರ್‌ಗಳು ಫೈಲು, ಪ್ರಿಂಟರ್ ಹಂಚಿಕೊಳ್ಳಲು ಎಸ್‌ಎಂಬಿ ಎಂಬ ಪ್ರೋಟೋಕಾಲ್ ಬಳಸುತ್ತವೆ. ಪ್ರೋಟೋಕಾಲ್ ಅಂದರೆ ಎರಡು ಯಂತ್ರಗಳು ಮಾತಾಡುವ ಭಾಷೆ, ಯಾರು ಮೊದಲು ಏನು ಹೇಳಬೇಕು, ಅದಕ್ಕೆ ಉತ್ತರ ಹೇಗಿರಬೇಕು ಅನ್ನುವ ನಿಯಮ. 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಆ್ಯಂಡ್ರ್ಯೂ ಟ್ರಿಜೆಲ್ ತಮ್ಮ ಯುನಿಕ್ಸ್ ಯಂತ್ರಕ್ಕೆ ಈ ಭಾಷೆ ಕಲಿಸಲು ಹೊರಟರು. ಅದೇ ಮುಂದೆ ಸಾಂಬಾ ಎಂಬ ಯೋಜನೆಯಾಯಿತು. ಹೆಸರಿನ ಹಿಂದೆ ದೊಡ್ಡ ಅರ್ಥ ಏನೂ ಇಲ್ಲ. ಎಸ್, ಎಂ, ಬಿ ಅಕ್ಷರಗಳು ಆ ಕ್ರಮದಲ್ಲಿ ಬರುವ ಪದವನ್ನು ಕಂಪ್ಯೂಟರ್‌ನ ಪದಪಟ್ಟಿಯಲ್ಲಿ ಹುಡುಕಿದಾಗ ಸಿಕ್ಕಿದ್ದು ಅದು.

ಭಾಷೆ ಕಲಿತದ್ದು ಹೇಗೆ? ಟ್ರಿಜೆಲ್ ಅದನ್ನು ಒಂದು ಫ್ರೆಂಚ್ ಕೆಫೆಗೆ ಹೋಲಿಸಿ ವಿವರಿಸಿದ್ದಾರೆ. ಪುಸ್ತಕ ಇಲ್ಲ, ಮೇಷ್ಟ್ರು ಇಲ್ಲ, ಆದರೂ ಫ್ರೆಂಚ್ ಕಲಿಯಬೇಕು. ಆಗ ಕೆಫೆಯಲ್ಲಿ ಕೂತು ಸುತ್ತಲಿನವರ ಮಾತು ಕೇಳಬೇಕು. ಗಿರಾಕಿ ಏನೋ ಅಂದಾಗ ಮಾಣಿ ಏನು ತಂದುಕೊಟ್ಟ ಅಂತ ನೋಡಬೇಕು. ಒಂದೊಂದೇ ಪದ ಅರ್ಥವಾಗುತ್ತಾ ಹೋಗುತ್ತೆ. ಸಾಂಬಾ ಬರೆದವರು ಮಾಡಿದ್ದೂ ಅದನ್ನೇ. ನೆಟ್‌ವರ್ಕ್ ತಂತಿಯಲ್ಲಿ ಎರಡು ಯಂತ್ರಗಳ ನಡುವೆ ಹರಿಯುವ ಸಂದೇಶಗಳನ್ನು ಗಮನಿಸಿ, ಊಹಿಸಿ, ಪರೀಕ್ಷಿಸಿ ಕಲಿತರು. ಮೈಕ್ರೋಸಾಫ್ಟ್‌ನ ಒಂದು ಸಾಲು ಕೋಡ್ ಕೂಡ ನೋಡಲಿಲ್ಲ.

ಇದು ಕೆಲಸ ಮಾಡಿತು, ಆದರೆ ನಿಧಾನ. ವಿಂಡೋಸ್‌ನ ಪ್ರತಿ ಹೊಸ ಆವೃತ್ತಿಯಲ್ಲೂ ಭಾಷೆಗೆ ಹೊಸ ಪದ ಸೇರುತ್ತಿತ್ತು. ಬಳಕೆದಾರರ ಲಾಗಿನ್, ಪಾಸ್‌ವರ್ಡ್, ಅಧಿಕಾರ ಎಲ್ಲವನ್ನೂ ನೋಡಿಕೊಳ್ಳುವ ‘ಆ್ಯಕ್ಟಿವ್ ಡೈರೆಕ್ಟರಿ’ ಬಂದ ಮೇಲಂತೂ ಬರೀ ಕೇಳಿ ಕಲಿಯುವುದು ತೀರಾ ಕಷ್ಟವಾಯಿತು.

1998ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಯುರೋಪಿಯನ್ ಕಮಿಷನ್‌ಗೆ ದೂರು ಕೊಟ್ಟಿತು. ಬೇರೆಯವರ ಸರ್ವರ್‌ಗಳು ವಿಂಡೋಸ್ ಜೊತೆ ಸರಿಯಾಗಿ ಮಾತಾಡಲು ಬೇಕಾದ ಮಾಹಿತಿಯನ್ನು ಮೈಕ್ರೋಸಾಫ್ಟ್ ಕೊಡುತ್ತಿಲ್ಲ ಅನ್ನೋದು ದೂರು. 2004ರ ಮಾರ್ಚ್‌ನಲ್ಲಿ ಕಮಿಷನ್ ತೀರ್ಮಾನ ಕೊಟ್ಟಿತು: ಇದು ಮಾರುಕಟ್ಟೆಯ ಪ್ರಾಬಲ್ಯದ ದುರುಪಯೋಗ. 49.7 ಕೋಟಿ ಯೂರೋ ದಂಡ ಕಟ್ಟಿ, ಪ್ರೋಟೋಕಾಲ್‌ಗಳ ಮಾಹಿತಿಯನ್ನು ಪ್ರತಿಸ್ಪರ್ಧಿಗಳಿಗೆ ಕೊಡಿ.

ಗೆದ್ದಾಯಿತು ಅಂದುಕೊಂಡಿರಾ? ಆಟ ಶುರುವಾಗಿದ್ದೇ ಇಲ್ಲಿಂದ. ಮಾಹಿತಿ ಕೊಡುತ್ತೇವೆ, ಆದರೆ ಲೈಸೆನ್ಸ್ ಮೇಲೆ ಅಂತ ಮೈಕ್ರೋಸಾಫ್ಟ್ ಹೇಳಿತು. ಗುಟ್ಟಿನ ಮಾಹಿತಿಗೆ ಉತ್ಪನ್ನದ ಆದಾಯದ ಶೇ. 2.98, ಪೇಟೆಂಟ್‌ಗೆ ಶೇ. 3.87 ರಾಯಲ್ಟಿ ಕೇಳಿತು. ಎಲ್ಲರಿಗೂ ಅದೇ ತಟ್ಟೆ. ಉಚಿತವಾಗಿ ಹಂಚುವ, ಬಹಿರಂಗವಾಗಿ ಪ್ರಕಟಿಸುವ ಸಾಂಬಾಗೆ ಅದರಲ್ಲಿ ತಿನ್ನಲು ಆಗುತ್ತಿರಲಿಲ್ಲ. ಪ್ರಕರಣದ ಉದ್ದಕ್ಕೂ ಸಾಂಬಾ ತಂಡ ಮತ್ತು ಯುರೋಪಿನ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಕಮಿಷನ್ ಪರವಾಗಿ ನಿಂತು ಹೋರಾಡಿದವು.

2007ರ ಸೆಪ್ಟೆಂಬರ್ 17ರಂದು ಯುರೋಪಿನ ನ್ಯಾಯಾಲಯ ಕಮಿಷನ್ ತೀರ್ಮಾನವನ್ನು ಎತ್ತಿಹಿಡಿಯಿತು. ಮರುತಿಂಗಳು ಮೈಕ್ರೋಸಾಫ್ಟ್ ಷರತ್ತು ಬದಲಿಸಿತು: ಗುಟ್ಟಿನ ಮಾಹಿತಿಗೆ ಆದಾಯದಲ್ಲಿ ಪಾಲಿನ ಬದಲು ಒಂದೇ ಸಲ 10,000 ಯೂರೋ ಶುಲ್ಕ. ಡಿಸೆಂಬರ್‌ನಲ್ಲಿ ಸಾಂಬಾಗಾಗಿಯೇ ರಚಿಸಿದ ಒಂದು ಲಾಭರಹಿತ ಸಂಸ್ಥೆ ಆ ಹಣ ಕಟ್ಟಿ ದಾಖಲೆ ಪಡೆಯಿತು. ಒಪ್ಪಂದದ ಜಾಣತನ ಇಲ್ಲಿದೆ: ದಾಖಲೆಯ ಪುಟಗಳು ಗೌಪ್ಯ, ಆದರೆ ಅದನ್ನು ಓದಿ ಬರೆದ ಕೋಡನ್ನು ಜಿಪಿಎಲ್ ಅಡಿ ಬಹಿರಂಗವಾಗಿ ಪ್ರಕಟಿಸಬಹುದು. ಎಣಿಸುವ ಬೀಗ, ಗುಟ್ಟಿನ ಬೀಗ ಎರಡೂ ತೆರೆದವು. 2008ರ ಫೆಬ್ರುವರಿಯಲ್ಲಿ ಮೈಕ್ರೋಸಾಫ್ಟ್ ಸಾವಿರಾರು ಪುಟಗಳ ಪ್ರೋಟೋಕಾಲ್ ದಾಖಲೆಗಳನ್ನು ತಾನೇ ಇಂಟರ್ನೆಟ್‌ನಲ್ಲಿ ಉಚಿತವಾಗಿ ಹಾಕಿತು. ಅದೇ ತಿಂಗಳು, ಅಲ್ಲಿಯವರೆಗೆ ಅತಿಯಾದ ರಾಯಲ್ಟಿ ಕೇಳಿದ್ದಕ್ಕೆ ಕಮಿಷನ್ ಇನ್ನೂ 89.9 ಕೋಟಿ ಯೂರೋ ದಂಡ ಹಾಕಿತು. 2012ರಲ್ಲಿ ನ್ಯಾಯಾಲಯ ಅದನ್ನು 86 ಕೋಟಿಗೆ ಇಳಿಸಿತು. ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4.0 ಆ್ಯಕ್ಟಿವ್ ಡೈರೆಕ್ಟರಿಯ ಕೆಲಸವನ್ನು ತಾನೇ ಮಾಡಬಲ್ಲದಾಗಿತ್ತು.

ಇಲ್ಲಿ ಗಮನಿಸಬೇಕಾದ್ದು ಸಮಯ. ದೂರಿನಿಂದ ದಾಖಲೆ ಕೈಗೆ ಸಿಗುವವರೆಗೆ ಒಂಬತ್ತು ವರ್ಷ. ‘ಮಾಹಿತಿ ಕೊಡಿ’ ಅನ್ನುವ ಆದೇಶ ಬಂದ ಮೇಲೂ ಮೂರೂವರೆ ವರ್ಷ ಹೋದದ್ದು ಲೈಸೆನ್ಸ್‌ನ ಷರತ್ತುಗಳ ಜಗಳದಲ್ಲಿ.

ಸಿಸ್ಕೋ ಕೊಟ್ಟರೆ ಸರಿ, ನೀವೇ ಮಾಡಿಕೊಂಡರೆ ತಪ್ಪು

ರಾಯಲ್ಟಿಯ ಬೀಗ ಎಷ್ಟು ವಿಚಿತ್ರ ಅಂತ ನೋಡಬೇಕಾದರೆ ವಿಡಿಯೋ ಲೋಕಕ್ಕೆ ಬನ್ನಿ. ಇಂಟರ್ನೆಟ್‌ನಲ್ಲಿ ನೋಡುವ ಬಹಳಷ್ಟು ವಿಡಿಯೋಗಳು ಎಚ್.264 ಎಂಬ ವಿಧಾನದಲ್ಲಿ ಕುಗ್ಗಿಸಲ್ಪಟ್ಟಿರುತ್ತವೆ. ಅದರ ಮೇಲೆ ಹಲವು ಕಂಪನಿಗಳ ಪೇಟೆಂಟ್‌ಗಳಿವೆ. ಅವುಗಳನ್ನು ಒಟ್ಟುಗೂಡಿಸಿ ಲೈಸೆನ್ಸ್ ಕೊಡುವ ಕೂಟದ ದರಪಟ್ಟಿ ಹೀಗಿತ್ತು: ವರ್ಷಕ್ಕೆ ಮೊದಲ ಒಂದು ಲಕ್ಷ ಪ್ರತಿಗಳಿಗೆ ಶುಲ್ಕ ಇಲ್ಲ, ಆಮೇಲೆ ಪ್ರತಿಯೊಂದಕ್ಕೆ 20 ಅಮೆರಿಕನ್ ಸೆಂಟ್, 50 ಲಕ್ಷ ದಾಟಿದರೆ 10 ಸೆಂಟ್. ಒಂದು ಕಂಪನಿ ಒಟ್ಟು ಕಟ್ಟಬೇಕಾದ ಮೊತ್ತಕ್ಕೆ ವಾರ್ಷಿಕ ಮಿತಿಯೂ ಇತ್ತು. ದೊಡ್ಡ ಕಂಪನಿಗೆ ಆ ಮಿತಿ ತಲುಪಿದ ಮೇಲೆ ಹೊಸ ಪ್ರತಿ ಪುಕ್ಕಟೆ. ಫೈರ್‌ಫಾಕ್ಸ್ ತರಹ ಕೋಟಿಗಟ್ಟಲೆ ಜನ ಉಚಿತವಾಗಿ ಡೌನ್‌ಲೋಡ್ ಮಾಡುವ, ಯಾರು ಬೇಕಾದರೂ ಮರುಹಂಚುವ ಬ್ರೌಸರ್‌ಗೆ ಅದೇ ದೊಡ್ಡ ಅಡ್ಡಿ.

2013ರಲ್ಲಿ ಸಿಸ್ಕೋ ಕಂಪನಿ ಒಂದು ದಾರಿ ತೋರಿಸಿತು. ತನ್ನ ಎಚ್.264 ಕೋಡನ್ನು ಓಪನ್ ಸೋರ್ಸ್ ಮಾಡಿ, ಅದರ ರಾಯಲ್ಟಿಯನ್ನು ತಾನೇ ಕಟ್ಟುವುದಾಗಿ ಹೇಳಿತು. ಆದರೆ ಒಂದು ಷರತ್ತು: ಸಿಸ್ಕೋ ತಾನೇ ಸಿದ್ಧಪಡಿಸಿದ ಫೈಲನ್ನು ಸಿಸ್ಕೋ ಸರ್ವರ್‌ನಿಂದಲೇ ಇಳಿಸಿಕೊಂಡರೆ ಮಾತ್ರ ಈ ರಕ್ಷಣೆ. ಅದೇ ಕೋಡ್ ತೆಗೆದುಕೊಂಡು, ಒಂದಕ್ಷರವೂ ಬದಲಿಸದೆ ನಿಮ್ಮ ಕಂಪ್ಯೂಟರ್‌ನಲ್ಲೇ ಕಂಪೈಲ್ ಮಾಡಿ ಹಂಚಿದರೆ ಆ ರಕ್ಷಣೆ ನಿಮಗಿಲ್ಲ.

ಸಿಸ್ಕೋ ಮಾಡಿದ್ದು ಉಪಕಾರವೇ. ಆದರೆ ಅದು ಒಂದು ವಿಷಯವನ್ನು ಬಯಲು ಮಾಡಿತು: ಕೋಡ್ ಓಪನ್ ಇದ್ದರೂ ಸ್ವಾತಂತ್ರ್ಯ ಓಪನ್ ಇರಬೇಕಾಗಿಲ್ಲ. ಇದರ ಬಿಸಿ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತಟ್ಟಿತು. ಫೆಡೋರಾ ಎಂಬ ಲಿನಕ್ಸ್ ವಿತರಣೆ ಎಚ್.264, ಎಚ್.265 ವಿಡಿಯೋಗಳಿಗೆ ಗ್ರಾಫಿಕ್ಸ್ ಕಾರ್ಡ್‌ನ ನೆರವು ಕೊಡುವ ಭಾಗವನ್ನು ಓಪನ್ ಸೋರ್ಸ್ ಡ್ರೈವರ್‌ನಿಂದ ಕಾನೂನಿನ ಭಯಕ್ಕೆ ತೆಗೆದುಹಾಕಿತು. ಅಲ್ಲೂ ಅಷ್ಟೇ, ಕೋಡ್ ಚೆನ್ನಾಗಿಯೇ ಓಡುತ್ತಿತ್ತು. ಈ ಕಾಟ ಸಾಕಾಗಿಯೇ ಹಲವು ದೊಡ್ಡ ಕಂಪನಿಗಳು 2015ರಲ್ಲಿ ಒಂದಾಗಿ, 2018ರಲ್ಲಿ ಎವಿ1 ಎಂಬ ರಾಯಲ್ಟಿ ಇಲ್ಲದ ವಿಧಾನವನ್ನು ಹೊರತಂದವು. ಮುಕ್ತ ಮಾನದಂಡ ಅನ್ನೋದು ಬರೀ ಆದರ್ಶವಾದಿಗಳ ಆಸೆಯಾಗಿ ಉಳಿದಿಲ್ಲ.

ಇನ್ನೊಂದು ಕಡೆಯ ವಾದ

‘ಸಂಶೋಧನೆಗೆ ದುಡ್ಡು ಖರ್ಚು ಮಾಡಿದವರು ವಾಪಸ್ ಕೇಳಬಾರದಾ?’ ನ್ಯಾಯವಾದ ಪ್ರಶ್ನೆ. ವಿಡಿಯೋ ಕುಗ್ಗಿಸುವ ಒಳ್ಳೆಯ ವಿಧಾನ ಕಂಡುಹಿಡಿಯುವುದು ಸಣ್ಣ ಕೆಲಸ ಅಲ್ಲ. ಆದರೆ ಎರಡು ವಿಷಯಗಳನ್ನು ಬೇರೆ ಮಾಡಬೇಕು. ಒಳ್ಳೆಯ ಉತ್ಪನ್ನಕ್ಕೆ ಬೆಲೆ ಕೇಳುವುದು ಒಂದು. ಎಲ್ಲರೂ ಬಳಸಲೇಬೇಕಾದ ಮಾನದಂಡದ ಮೇಲೆ ಸುಂಕ ಹಾಕುವುದು ಇನ್ನೊಂದು. ಎಸ್‌ಎಂಬಿಯ ಒಳವಿವರಗಳು ಸಾಂಬಾಗೆ ಬೇಕಾಗಿದ್ದು ಅವು ಜಾಣ ಸಂಶೋಧನೆ ಅಂತಲ್ಲ, ಆಫೀಸುಗಳ ತುಂಬ ವಿಂಡೋಸ್ ಇತ್ತು ಅಂತ. ಅಲ್ಲಿ ಕೇಳಿದ ರಾಯಲ್ಟಿ ಜಾಣತನದ ಬೆಲೆಗಿಂತ ಹೆಚ್ಚಾಗಿ ಪ್ರಾಬಲ್ಯದ ಬೆಲೆ.

‘ಹಠ ಮಾಡುತ್ತಿರುವುದು ಜಿಪಿಎಲ್ ಅಲ್ಲವಾ? ಅದನ್ನು ಸಡಿಲಿಸಿದರೆ ಸಮಸ್ಯೆ ಇಲ್ಲವಲ್ಲ?’ ಈ ವಾದದಲ್ಲೂ ಸ್ವಲ್ಪ ಸತ್ಯ ಇದೆ. ಓಪನ್ ಸೋರ್ಸ್ ಲೈಸೆನ್ಸ್‌ಗಳೇ ಒಂದಕ್ಕೊಂದು ಹೊಂದದ ಉದಾಹರಣೆಗಳಿವೆ. ಸನ್ ಕಂಪನಿ 2005ರಲ್ಲಿ ಝೆಡ್‌ಎಫ್‌ಎಸ್ ಎಂಬ ಅದ್ಭುತವಾದ ಫೈಲ್ ವ್ಯವಸ್ಥೆಯನ್ನು ಓಪನ್ ಸೋರ್ಸ್ ಮಾಡಿತು, ಆದರೆ ಸಿಡಿಡಿಎಲ್ ಎಂಬ ಬೇರೆ ಲೈಸೆನ್ಸ್ ಅಡಿ. ಅದು ಜಿಪಿಎಲ್ ಜೊತೆ ಕೂಡುವುದಿಲ್ಲ ಅನ್ನೋದು ಹಲವರ ವಾದ. ಹೀಗಾಗಿ ಝೆಡ್‌ಎಫ್‌ಎಸ್ ಇವತ್ತಿಗೂ ಲಿನಕ್ಸ್ ಕರ್ನಲ್‌ನ ಒಳಗೆ ಸೇರಿಲ್ಲ, ಹೊರಗಿನಿಂದ ಜೋಡಿಸಿಕೊಳ್ಳಬೇಕು. ಎರಡೂ ಕೋಡ್ ಬಹಿರಂಗ, ಆದರೂ ಮಧ್ಯೆ ಗೋಡೆ.

ಆದರೆ ಎಚ್‌ಡಿಎಂಐ ಮತ್ತು ಎಚ್.264 ವಿಷಯದಲ್ಲಿ ಜಿಪಿಎಲ್ ಸಡಿಲಿಸಿದರೂ ಪ್ರಯೋಜನ ಇಲ್ಲ. ಎಎಂಡಿಯ ಡ್ರೈವರ್‌ನ ಬಹುಪಾಲು ಕೋಡ್ ಇರುವುದು ಎಂಐಟಿ ಎಂಬ ಅತಿ ಸಡಿಲ ಲೈಸೆನ್ಸ್ ಅಡಿ. ಸಿಸ್ಕೋ ಕೋಡ್ ಕೂಡ ಹಾಗೇ ಸಡಿಲವಾದ ಬಿಎಸ್‌ಡಿ ಲೈಸೆನ್ಸ್‌ನದು. ಯಾವ ಓಪನ್ ಸೋರ್ಸ್ ಲೈಸೆನ್ಸ್ ಆದರೂ ಗುಟ್ಟು ಕಾಯಲಾರದು, ಪ್ರತಿ ಎಣಿಸಲಾರದು. ಹಾಗಾಗಿ ಹೊಣೆ ಮಾನದಂಡದ ಷರತ್ತಿನ ಮೇಲೇ ಬರುತ್ತೆ.

ಭಾರತ ಏನು ಮಾಡಿದೆ?

ಈ ವಿಷಯದಲ್ಲಿ ನಮ್ಮ ದೇಶ ಹಿಂದೆ ಬಿದ್ದಿಲ್ಲ. ಕಾಗದದ ಮೇಲಂತೂ ನಾವು ಮುಂದೇ ಇದ್ದೇವೆ.

2007ರಲ್ಲಿ ಮೈಕ್ರೋಸಾಫ್ಟ್ ತನ್ನ ಆಫೀಸ್ ಫೈಲ್‌ಗಳ ಒಒಎಕ್ಸ್‌ಎಂಎಲ್ ಮಾದರಿಯನ್ನು ಅಂತಾರಾಷ್ಟ್ರೀಯ ಮಾನದಂಡ ಮಾಡಲು ಹೊರಟಾಗ ಭಾರತ ವಿರುದ್ಧವಾಗಿ ಮತ ಹಾಕಿತು. 2008ರಲ್ಲೂ ಆ ನಿಲುವು ಬದಲಿಸಲಿಲ್ಲ. ದಾಖಲೆಗಳಿಗೆ ಒಡಿಎಫ್ ಎಂಬ ಮುಕ್ತ ಮಾನದಂಡ ಅಷ್ಟೊತ್ತಿಗೇ ಇತ್ತು. ಅಂತಿಮವಾಗಿ ಒಒಎಕ್ಸ್‌ಎಂಎಲ್ ಮಾನದಂಡವಾಯಿತು, ಅದು ಬೇರೆ ಮಾತು.

2010ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇ-ಆಡಳಿತಕ್ಕೆ ಮುಕ್ತ ಮಾನದಂಡಗಳ ನೀತಿ ಪ್ರಕಟಿಸಿತು. ಅದರ ಮುಖ್ಯ ಷರತ್ತನ್ನು ಗಮನಿಸಿ: ಸರ್ಕಾರ ಆರಿಸುವ ಮಾನದಂಡಕ್ಕೆ ಬೇಕಾದ ಪೇಟೆಂಟ್‌ಗಳು ಆ ಮಾನದಂಡ ಬದುಕಿರುವವರೆಗೂ ರಾಯಲ್ಟಿ ಇಲ್ಲದೆ ಸಿಗಬೇಕು. ‘ನ್ಯಾಯಯುತ ರಾಯಲ್ಟಿ’ ಅಲ್ಲ, ರಾಯಲ್ಟಿಯೇ ಬೇಡ. ನರಿಯ ತಟ್ಟೆಯ ತಂತ್ರವನ್ನು ಅರ್ಥ ಮಾಡಿಕೊಂಡೇ ಬರೆದ ಸಾಲು ಇದು. ಜೊತೆಗೆ ಭಾರತದ ಅಧಿಕೃತ ಭಾಷೆಗಳಿಗೆ ಹೊಂದುವ ಸಾಮರ್ಥ್ಯ ಇರಬೇಕು ಅಂತಲೂ ಹೇಳಿದೆ. ಆದರೆ ಸರಿಯಾದ ಮುಕ್ತ ಮಾನದಂಡ ಸಿಗದಿದ್ದರೆ ನಿಯಮ ಸಡಿಲಿಸಲು ಕಿಂಡಿಯೂ ಇದೆ. ಇಷ್ಟೆಲ್ಲ ಆಗಿಯೂ ಎಷ್ಟೋ ಸರ್ಕಾರಿ ಅರ್ಜಿ ನಮೂನೆಗಳು ಇವತ್ತಿಗೂ ಒಂದೇ ಕಂಪನಿಯ ಫೈಲ್ ಮಾದರಿಯಲ್ಲಿ ಸಿಗುತ್ತವೆ.

ಪೇಟೆಂಟ್ ಕಾನೂನಿನಲ್ಲೂ ಒಂದು ಜಗಳ ನಡೆದಿದೆ. ನಮ್ಮ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಕೆ) ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂಗೆ, ಅದು ಬರೀ ಪ್ರೋಗ್ರಾಂ ಆಗಿದ್ದರೆ, ಪೇಟೆಂಟ್ ಸಿಗಲ್ಲ. 2004ರ ಡಿಸೆಂಬರ್‌ನಲ್ಲಿ ಸುಗ್ರೀವಾಜ್ಞೆ ಮೂಲಕ ಇದನ್ನು ಸಡಿಲಿಸಲು ಹೊರಟರು. ವಿರೋಧ ಬಂತು, 2005ರಲ್ಲಿ ಸಂಸತ್ತು ಆ ಬದಲಾವಣೆಯನ್ನು ಕೈಬಿಟ್ಟಿತು. ಸಂಸತ್ತಿನಲ್ಲಿ ಆಗದ್ದನ್ನು ಮಾರ್ಗಸೂಚಿಯಲ್ಲಿ ತರುವ ಪ್ರಯತ್ನ 2015ರ ಆಗಸ್ಟ್‌ನಲ್ಲಿ ನಡೆಯಿತು. ಬೆಂಗಳೂರಿನ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ ಸೇರಿದ ಮುಕ್ತ ತಂತ್ರಾಂಶ ಚಳವಳಿ ವಿರೋಧಿಸಿತು, ಡಿಸೆಂಬರ್‌ನಲ್ಲಿ ಅದನ್ನು ತಡೆಹಿಡಿಯಲಾಯಿತು. 2016ರ ಫೆಬ್ರುವರಿಯಲ್ಲಿ ಬಿಗಿಯಾದ ಮಾರ್ಗಸೂಚಿ ಬಂತು, ಹೊಸತನದ ಹಾರ್ಡ್‌ವೇರ್ ಜೊತೆಗಿರಬೇಕು ಅಂತ. 2017ರಲ್ಲಿ ಆ ಷರತ್ತು ಸದ್ದಿಲ್ಲದೆ ಹೋಯಿತು. ಕಾಯ್ದೆಯ ಸಾಲು ಹಾಗೇ ಇದೆ, ಅದರ ಅರ್ಥ ಜಾರುತ್ತಾ ಇದೆ.

ಹೆಚ್ಚು ಜನಕ್ಕೆ ಗೊತ್ತಿಲ್ಲದ ಇನ್ನೊಂದು ಸಾಲು ಕೃತಿಸ್ವಾಮ್ಯ ಕಾಯ್ದೆಯಲ್ಲಿದೆ. 1999ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 52(1)(ಎಬಿ) ಹೇಳುವುದು ಇಷ್ಟು: ನೀವು ಕಾನೂನುಬದ್ಧವಾಗಿ ಪಡೆದ ಒಂದು ಪ್ರೋಗ್ರಾಂ ಜೊತೆ ನಿಮ್ಮ ಸ್ವಂತ ಪ್ರೋಗ್ರಾಂ ಹೊಂದಿಕೊಂಡು ಕೆಲಸ ಮಾಡಲು ಬೇಕಾದ ಮಾಹಿತಿ ಬೇರೆಡೆ ಸುಲಭವಾಗಿ ಸಿಗದಿದ್ದರೆ, ಅದನ್ನು ತಿಳಿಯಲು ಅಗತ್ಯವಾದ ಕೆಲಸ ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ. ಅಂದ್ರೆ ಬಿಚ್ಚಿ ನೋಡಿ ತಿಳಿಯುವ ಹಕ್ಕು ಭಾರತದಲ್ಲಿದೆ. ಹಾಗಾದರೆ ತೊಂದರೆ ಏನು? ನಾವು ಓದದೆ ಒಪ್ಪುವ ಲೈಸೆನ್ಸ್ ಕರಾರುಗಳಲ್ಲಿ ‘ರಿವರ್ಸ್ ಎಂಜಿನಿಯರಿಂಗ್ ಮಾಡುವಂತಿಲ್ಲ’ ಅನ್ನುವ ಸಾಲು ಇದ್ದೇ ಇರುತ್ತೆ. ಯುರೋಪಿನ ಸಾಫ್ಟ್‌ವೇರ್ ನಿರ್ದೇಶನ, ಈ ಹಕ್ಕನ್ನು ಕಸಿಯುವ ಕರಾರು ಅನೂರ್ಜಿತ ಅಂತ ನೇರವಾಗಿ ಹೇಳುತ್ತೆ. ನಮ್ಮ ಕಾಯ್ದೆಯಲ್ಲಿ ಅಂಥ ಸಾಲು ಇಲ್ಲ. ಒಂದು ಕೈಯಲ್ಲಿ ಕಾಯ್ದೆ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಕರಾರು ಕಿತ್ತುಕೊಳ್ಳಲು ಜಾಗ ಉಳಿದಿದೆ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧ?

ಹಳೆಯ ಸರ್ಕಾರಿ ಆದೇಶವೋ, ಹತ್ತಿಪ್ಪತ್ತು ವರ್ಷದ ಹಿಂದಿನ ಪತ್ರಿಕೆಯ ಫೈಲೋ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಂಡಿದೆಯಾ? ಯೂನಿಕೋಡ್ ಪೂರ್ತಿ ಬಳಕೆಗೆ ಬರುವ ಮುಂಚೆ ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸುತ್ತಿದ್ದವು. ಯಾವ ಜಾಗದಲ್ಲಿ ಯಾವ ತುಂಡು ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಮೈಕ್ರೋಸಾಫ್ಟ್‌ನ ತುಂಗಾ ಫಾಂಟ್ ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದೆ, ಯೂನಿಕೋಡ್‌ನದ್ದೇ. ಆದರೆ ಅದನ್ನು ವಿಂಡೋಸ್‌ನಿಂದ ಎತ್ತಿ ಲಿನಕ್ಸ್ ಜೊತೆ ಹಂಚಲು ಲೈಸೆನ್ಸ್ ಬಿಡೋದಿಲ್ಲ.

ಇದಕ್ಕೆ ಎದುರಾಗಿ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸ ನೋಡಿ. ಯಾವ ಕೀ ಒತ್ತಿದರೆ ಯಾವ ಅಕ್ಷರ ಅನ್ನುವ ಆ ಪಟ್ಟಿಗೆ ರಾಯಲ್ಟಿಯ ಬೇಲಿ ಇರಲಿಲ್ಲ. ಅದು ನುಡಿಯಲ್ಲಿ ಬಂತು, ಲಿನಕ್ಸ್‌ಗೂ ಹೋಯಿತು, ಫೋನ್ ಕೀಬೋರ್ಡ್‌ಗಳಿಗೂ ಹೋಯಿತು. ಯಾರೂ ಯಾರ ಬಳಿಯೂ ಪರ್ಮಿಷನ್ ಕೇಳಬೇಕಾಗಲಿಲ್ಲ. ಲೋಹಿತ್, ಗುಬ್ಬಿ, ನವಿಲು, ನೋಟೋದಂಥ ಮುಕ್ತ ಲೈಸೆನ್ಸ್‌ನ ಕನ್ನಡ ಫಾಂಟ್‌ಗಳ ದಾರಿಯೂ ಅದೇ. ಇನ್ನು ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಓಪನ್ ಸೋರ್ಸ್ ಪರಿವರ್ತಕಗಳಿವೆಯಲ್ಲ, ಅವನ್ನು ಬರೆದದ್ದು ಸ್ವಯಂಸೇವಕರು.

ಇಲ್ಲೊಂದು ಪಾಠ ಇದೆ. ನುಡಿ ಉಚಿತವಾಗಿಯೇ ಸಿಗುತ್ತಿತ್ತು. ಆದರೂ ಅದರ ಹಳೆಯ ಫೈಲುಗಳು ಸಿಕ್ಕಿಹಾಕಿಕೊಂಡವು. ದುಡ್ಡಿಲ್ಲದೆ ಸಿಗುವುದು ಬೇರೆ, ಬೇರೆಯವರೂ ಓದಿ ಬರೆಯಬಹುದಾದ ಮಾನದಂಡದಲ್ಲಿರುವುದು ಬೇರೆ.

ಕೇಳಬೇಕಾದ ಪ್ರಶ್ನೆಗಳು

ನಿಮ್ಮ ಕಾಲೇಜು, ಪಂಚಾಯಿತಿ, ಇಲಾಖೆ ಹೊಸ ಸಾಫ್ಟ್‌ವೇರ್ ತರುತ್ತಿದೆ ಅಂದರೆ ‘ಬೆಲೆ ಎಷ್ಟು’ ಅನ್ನುವುದರ ಜೊತೆ ಇವನ್ನೂ ಕೇಳಿ. ಆರ್‌ಟಿಐ ಅರ್ಜಿಯಲ್ಲೂ ಕೇಳಬಹುದು.

ಇದರಲ್ಲಿ ಉಳಿಯುವ ಮಾಹಿತಿ ಯಾವ ಫೈಲ್ ಮಾದರಿಯಲ್ಲಿರುತ್ತೆ? ಅದರ ವಿವರಣೆ ಸಹಿ ಹಾಕದೆ ಯಾರಿಗೆ ಬೇಕಾದರೂ ಓದಲು ಸಿಗುತ್ತಾ? ಅದನ್ನು ಬಳಸಿ ಬೇರೆಯವರು ಸಾಫ್ಟ್‌ವೇರ್ ಬರೆದರೆ ಪ್ರತಿ ಕಾಪಿಗೆ ಯಾರಿಗಾದರೂ ದುಡ್ಡು ಕೊಡಬೇಕಾ? ನಾಳೆ ಈ ಕಂಪನಿ ಬೇಡ ಅಂದರೆ ನಮ್ಮ ಮಾಹಿತಿ ಪೂರ್ತಿಯಾಗಿ ಹೊರಗೆ ಬರುತ್ತಾ? 2010ರ ನೀತಿಯಿಂದ ವಿನಾಯಿತಿ ಪಡೆದಿದ್ದರೆ ಕಾರಣ ಏನು, ಅದನ್ನು ಬರೆದಿಟ್ಟಿದ್ದಾರಾ?

ಶಾಸಕರು, ಸಂಸದರಿಗೆ ಕೇಳಬೇಕಾದ್ದು ಇನ್ನೊಂದಿದೆ: ಸೆಕ್ಷನ್ 52(1)(ಎಬಿ) ಕೊಟ್ಟ ಹಕ್ಕನ್ನು ಕರಾರಿನ ಮೂಲಕ ಕಸಿಯುವಂತಿಲ್ಲ ಅನ್ನುವ ಒಂದು ಸಾಲನ್ನು ಕಾಯ್ದೆಗೆ ಯಾಕೆ ಸೇರಿಸಬಾರದು?

ಸಾಂಬಾ ಗೆದ್ದದ್ದು ಒಳ್ಳೆಯ ಕೋಡ್ ಒಂದರಿಂದಲೇ ಅಲ್ಲ. ಅದರ ಹಿಂದೆ ದೂರು ಕೊಟ್ಟವರಿದ್ದರು, ತನಿಖೆ ಮಾಡುವ ಅಧಿಕಾರ ಇರುವ ಸಂಸ್ಥೆ ಇತ್ತು, ಒಂಬತ್ತು ವರ್ಷ ಬೆನ್ನು ಬಿಡದೆ ಷರತ್ತಿನ ಸಾಲು ಸಾಲನ್ನೂ ಓದಿದವರಿದ್ದರು. ಲೈಸೆನ್ಸ್ ಕರಾರು ಬೋರು ಹೊಡೆಸುವ ಕಾಗದ ನಿಜ. ಆದರೆ ಬಜೆಟ್ ಪ್ರತಿಯೂ ಬೋರೇ, ಮತದಾರರ ಪಟ್ಟಿಯೂ ಬೋರೇ. ಓದುವವರು ಇಲ್ಲದ ಕಾಗದದಲ್ಲೇ ಯಾರನ್ನು ಹೊರಗಿಡಬೇಕು ಅನ್ನುವ ತೀರ್ಮಾನ ಅಡಗಿ ಕೂತಿರುತ್ತೆ.